ಸಹಾಯ ಬೇಕು: ಮೈನ್‌ಹೆಡ್‌ನಿಂದ ಮೊದಲ ದಿನ ಯಾವ ದಾರಿ ಹಿಡಿಯಲಿ?

ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್ ಎಂಬ ಕಡಲಂಚಿನ ಕಾಲ್ದಾರಿ ಪೂರ್ತಿ 630 ಮೈಲಿ. ಅಷ್ಟು ನಡೆಯುವ ರಜೆಯೂ ಇಲ್ಲ, ಮಂಡಿಯೂ ಇಲ್ಲ. ಅದು ಶುರುವಾಗುವ ಮೈನ್‌ಹೆಡ್ ಊರಿನಿಂದ ಲಿನ್‌ಮತ್‌ವರೆಗೆ ಮಾತ್ರ ಒಬ್ಬಳೇ ಹೊರಟಿದ್ದೇನೆ. ಟಾಂಟನ್‌ವರೆಗೆ ರೈಲು, ಅಲ್ಲಿಂದ ಬಸ್ಸು, ಅದು ಇತ್ಯರ್ಥವಾಗಿದೆ.

ಮೊದಲ ದಿನ ಪೋರ್ಲಾಕ್ ವಿಯರ್‌ಗೆ ಸುಮಾರು 15 ಕಿ.ಮೀ. ಗೊಂದಲವಿರುವುದು ಇಲ್ಲಿಯೇ. ನಾರ್ತ್ ಹಿಲ್ ಹತ್ತಿದ ಮೇಲೆ ದಾರಿ ಕವಲೊಡೆಯುತ್ತದೆ: ಮುಖ್ಯ ದಾರಿ ಗುಡ್ಡದ ನೆತ್ತಿಯ ಮೇಲೆ, ಇನ್ನೊಂದು ಕಡಲಿನ ಕಡೆಯ ಇಳಿಜಾರಿನಲ್ಲಿ. ಎರಡನೆಯದಕ್ಕೆ 'ಕಠಿಣ ಬದಲಿ ದಾರಿ' ಎಂದೇ ಹೆಸರು. ಆರ್ಡನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆಯಲ್ಲಿ ಎತ್ತರ ತೋರಿಸುವ ಸಮೋನ್ನತಿ ರೇಖೆಗಳನ್ನು ದಿಟ್ಟಿಸಿ ನೋಡಿದೆ. ಕಂದರಗಳಿಗೆ ಇಳಿದು ಹತ್ತಬೇಕು ಎಂಬುದು ತಿಳಿಯಿತು, ಕಾಲಿಡುವ ಜಾಗ ಹೇಗಿದೆ ಎಂಬುದು ತಿಳಿಯಲಿಲ್ಲ. ಪರಿಚಯದವರಲ್ಲಿ ಒಬ್ಬರು 'ಆರಾಮ' ಎಂದರು, ಇನ್ನೊಬ್ಬರು 'ಬೇಡವೇ ಬೇಡ' ಎಂದರು. ಇಬ್ಬರೂ ಅಲ್ಲಿಗೆ ಹೋದವರಲ್ಲ!

ಬೆನ್ನಿಗೆ ಹತ್ತು ಕಿಲೋ ಚೀಲ, ತಿಂಗಳು ಅಕ್ಟೋಬರ್, ಬೇಗ ಕತ್ತಲಾಗುತ್ತದೆ. ಜಮೀನಿನವರ ಒಪ್ಪಿಗೆಯಿಲ್ಲದೆ ಅಲ್ಲಿ ಡೇರೆ ಹಾಕುವಂತಿಲ್ಲವಾದ್ದರಿಂದ ನಡುವೆ ನಿಲ್ಲುವ ಹಾಗಿಲ್ಲ.

ನಡೆದವರು ಹೇಳಿ: ಮಳೆ ಬಿದ್ದ ಮರುದಿನ ಆ ಬದಲಿ ದಾರಿ ಒಂಟಿಯಾಗಿ ನಡೆಯುವವರಿಗೆ ಸುರಕ್ಷಿತವೇ? ಮುಖ್ಯ ದಾರಿಗಿಂತ ಎಷ್ಟು ಹೊತ್ತು ಹೆಚ್ಚು ಹಿಡಿಯುತ್ತದೆ?