ಮಾನಸಗಂಗೋತ್ರಿಯ ಉಪನ್ಯಾಸ, ಪ್ರದರ್ಶನಗಳಿಗೆ ಹೊರಗಿನವರು ಹೋಗಬಹುದೇ? ಮುಂಚಿತವಾಗಿ ತಿಳಿಯುವುದು ಹೇಗೆ?

ಪ್ರಶ್ನೆ: ಸರಸ್ವತಿಪುರಂ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಅರಸೀಕೆರೆ ಕಡೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಹೇಳಿ ನಿವೃತ್ತನಾದ ಮೇಲೆ, ಮಗಳ ಮನೆಗೆ ಹತ್ತಿರವಾಗಲೆಂದು ಈಚೆಗೆ ಮೈಸೂರಿನ ಸರಸ್ವತಿಪುರಂಗೆ ಬಂದು ನೆಲೆಸಿದ್ದೇನೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದು, ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಗೇಟಿನ ಬಳಿ ಕಟ್ಟಿರುವ ಬ್ಯಾನರುಗಳನ್ನು ನಿಂತು ಓದುವುದು ಅಭ್ಯಾಸವಾಗಿದೆ. ವಿಶೇಷ ಉಪನ್ಯಾಸ, ದತ್ತಿ ಉಪನ್ಯಾಸ, ವಿಚಾರ ಸಂಕಿರಣ, ಪುಸ್ತಕ ಪ್ರದರ್ಶನ ಹೀಗೆ ಒಂದಲ್ಲ ಒಂದು ಇದ್ದೇ ಇರುತ್ತದೆ. ಆದರೆ ನಾನು ಓದುವ ಹೊತ್ತಿಗೆ ದಿನಾಂಕ ಕಳೆದಿರುತ್ತದೆ, ಇಲ್ಲವೇ ಕಾರ್ಯಕ್ರಮ ಅಂದೇ ಬೆಳಿಗ್ಗೆ ಹತ್ತೂವರೆಗೆ ಇರುತ್ತದೆ.

ನನ್ನ ಮೊದಲ ಪ್ರಶ್ನೆ, ಇಂಥ ಕಾರ್ಯಕ್ರಮಗಳು ಮುಂಚಿತವಾಗಿ ತಿಳಿಯುವ ದಾರಿ ಯಾವುದು? ಎರಡನೆಯದು, ವಿದ್ಯಾರ್ಥಿಯೂ ಅಲ್ಲದ, ಅಧ್ಯಾಪಕನೂ ಅಲ್ಲದ ನನ್ನಂಥವರು ಹೋಗಿ ಕುಳಿತರೆ ಯಾರಾದರೂ ಆಕ್ಷೇಪಿಸುತ್ತಾರೆಯೇ? ಸಂಕೋಚಕ್ಕೆ ಕಾರಣವಿದೆ. ಹಿಂದೆ ಬೇರೊಂದು ಊರಿನ ಕಾಲೇಜಿನಲ್ಲಿ ಸಾರ್ವಜನಿಕ ಉಪನ್ಯಾಸವೆಂದು ಪತ್ರಿಕೆಯಲ್ಲಿ ಓದಿ ಹೋಗಿದ್ದಾಗ, ಕಾವಲುಗಾರರು ಗುರುತಿನ ಚೀಟಿ ಕೇಳಿ, ಇಲ್ಲವೆಂದುದಕ್ಕೆ ಕೊಡೆಯ ಸಮೇತ ಹಿಂದಕ್ಕೆ ಕಳುಹಿಸಿದ್ದರು. ಮೂರನೆಯದು, ಏಳನೇ ತರಗತಿಯ ಮೊಮ್ಮಗಳನ್ನೂ ಕರೆದುಕೊಂಡು ಹೋಗಬಹುದಾದ ಪ್ರದರ್ಶನಗಳು ಇವೆಯೇ? ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಗಂಗೋತ್ರಿಯ ಒಳಗೇ ಇದೆಯೆಂದು ಕೇಳಿದ್ದೇನೆ. ಅದನ್ನು ಅವಳಿಗೆ ತೋರಿಸಬೇಕೆಂಬ ಆಸೆ ಬಹಳವಿದೆ.

ಉತ್ತರ 1: ಗಂಗೋತ್ರಿ ಹಳಬ

ಮೇಷ್ಟ್ರೇ, ಮೈಸೂರಿಗೆ ಸ್ವಾಗತ. ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಸಂಕೋಚ ಕಳೆಯದೆ ಉಳಿದ ಮಾಹಿತಿಯಿಂದ ಪ್ರಯೋಜನವಿಲ್ಲ. ಆಹ್ವಾನ ಪತ್ರಿಕೆಯ ಕೊನೆಯಲ್ಲಿ ‘ಸರ್ವರಿಗೂ ಆದರದ ಸ್ವಾಗತ’ ಎಂದಿದ್ದರೆ ಅದನ್ನು ಅಕ್ಷರಶಃ ನಂಬಿ ಹೋಗಿ. ನಾನು ಇಲ್ಲಿ ಎಂ.ಎ. ಓದುತ್ತಿದ್ದ ಕಾಲದಿಂದ ಇಂದಿನವರೆಗೆ ಕಂಡಂತೆ, ಕನ್ನಡ ವಿಭಾಗದ ಉಪನ್ಯಾಸಗಳ ಮೂರನೆಯ ಸಾಲಿನಲ್ಲಿ ಕೂರುವ ನಿವೃತ್ತರು ಒಂದು ಬಳಗವೇ ಆಗಿರುತ್ತಾರೆ. ಪ್ರಶ್ನೋತ್ತರದ ಹೊತ್ತಿಗೆ ಮೊದಲು ಕೈಯೆತ್ತುವವರೂ ಅವರೇ.

1916ರಲ್ಲಿ ಆರಂಭವಾದ ಈ ವಿಶ್ವವಿದ್ಯಾನಿಲಯವು 1930ರ ದಶಕದಿಂದಲೇ ಪ್ರಚಾರೋಪನ್ಯಾಸವೆಂಬ ಹೆಸರಿನಲ್ಲಿ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ, ಕಾಲೇಜಿನ ಮೆಟ್ಟಿಲು ಹತ್ತದವರಿಗೂ ತಿಳಿಯುವ ಕನ್ನಡದಲ್ಲಿ ವಿಜ್ಞಾನ, ಚರಿತ್ರೆ, ಸಾಹಿತ್ಯಗಳನ್ನು ಕುರಿತು ಮಾತನಾಡಿಸಿ, ಆ ಮಾತುಗಳನ್ನು ಪುಟ್ಟ ಪುಸ್ತಕಗಳಾಗಿ ಅಚ್ಚು ಹಾಕಿಸುತ್ತಿತ್ತು. ನಮ್ಮ ತಂದೆಯವರ ಪೆಟ್ಟಿಗೆಯಲ್ಲಿ ಅಂಥ ಹತ್ತಾರು ಪುಸ್ತಿಕೆಗಳಿದ್ದವು. ಪಿನ್ನು ತುಕ್ಕು ಹಿಡಿದು ನಡುಹಾಳೆಗೆ ಕಂದು ಬಣ್ಣದ ಎರಡು ತೂತು ಬಿದ್ದಿದ್ದರೂ ಅಕ್ಷರ ಮಾತ್ರ ಇಂದಿಗೂ ನಿಚ್ಚಳ. ಹಾಗಾಗಿ ಹೊರಗಿನವರು ಬಂದು ಕೇಳುವುದು ಇಲ್ಲಿ ಹೊಸ ಔದಾರ್ಯವೇನಲ್ಲ, ಹಳೆಯ ಪದ್ಧತಿ. ಆ ಪುಸ್ತಕಗಳ ಪರಂಪರೆಯನ್ನು ಮುಂದುವರಿಸಿದ ಪ್ರಸಾರಾಂಗಕ್ಕೂ ಒಮ್ಮೆ ಹೋಗಿ ಬನ್ನಿ. ನವೆಂಬರ್‌ನಲ್ಲಿ ರಾಜ್ಯೋತ್ಸವದ ನಿಮಿತ್ತ ರಿಯಾಯಿತಿ ಮಾರಾಟ ಇರುವುದುಂಟು.

ಒಂದು ವ್ಯತ್ಯಾಸ ಗಮನದಲ್ಲಿರಲಿ. ಉಪನ್ಯಾಸಕ್ಕೆ ನೋಂದಣಿ ಬೇಕಿಲ್ಲ. ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣಗಳಿಗೆ ಸಾಮಾನ್ಯವಾಗಿ ನೋಂದಣಿ ಶುಲ್ಕವಿರುತ್ತದೆ; ಆ ಶುಲ್ಕ ಬಹುಮಟ್ಟಿಗೆ ಬ್ಯಾಗು, ಪ್ರಮಾಣ ಪತ್ರ ಮತ್ತು ಊಟದ ಕೂಪನ್ನಿಗೆ ಸೇರಿದ್ದು. ಪ್ರಬಂಧ ಮಂಡಿಸದೆ ಸುಮ್ಮನೆ ಕೇಳಲು ಬಂದವರು ಹಿಂದಿನ ಸಾಲಿನಲ್ಲಿ ಕುಳಿತರೆ ಯಾರೂ ಏಳಿಸಿದ್ದನ್ನು ನಾನು ಕಂಡಿಲ್ಲ, ಆದರೆ ಊಟದ ಸಾಲಿಗೆ ಮಾತ್ರ ನಿಲ್ಲಬೇಡಿ.

ತಿಳಿಯುವ ಬಗೆಗೆ ಬಂದರೆ, ಪತ್ರಿಕೆಗಳ ಮೈಸೂರು ಪುಟದಲ್ಲಿ ಬರುವ ‘ನಗರದಲ್ಲಿ ಇಂದು’ ಬಗೆಯ ಅಂಕಣವೇ ಈಗಲೂ ಹೆಚ್ಚು ನಂಬಲರ್ಹ. ಅದರ ದೋಷವೆಂದರೆ ಅಂದಿನದನ್ನು ಅಂದೇ ಹೇಳುತ್ತದೆ. ಅದಕ್ಕಿಂತ ಮೊದಲೇ ತಿಳಿಯಬೇಕಾದರೆ ವಾರಕ್ಕೊಮ್ಮೆ ವಿಭಾಗಗಳ ಸೂಚನಾ ಫಲಕದ ಮುಂದೆ ನಿಲ್ಲಿ. ನೀವು ಹೇಗೂ ಕೆರೆಯ ಕಡೆ ಬರುವವರು, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಗೆ ಇನ್ನೊಂದು ಹತ್ತು ನಿಮಿಷ ನಡೆದರಾಯಿತು. ಒಂದೆರಡು ಕಾರ್ಯಕ್ರಮಗಳಿಗೆ ಹೋಗಿ ಹಾಜರಿ ಪುಸ್ತಕದಲ್ಲಿ ಹೆಸರು, ಮೊಬೈಲ್ ಸಂಖ್ಯೆ ಬರೆದು, ಸಂಘಟಕರಿಗೆ ಒಂದು ಮಾತು ಹೇಳಿಟ್ಟರೆ ಆಹ್ವಾನ ಪತ್ರಿಕೆ ವಾಟ್ಸಾಪ್‌ನಲ್ಲಿ ತಾನಾಗಿ ಬರತೊಡಗುತ್ತದೆ. ಅಂತರ್ಜಾಲದಲ್ಲಿ ಹುಡುಕುವುದಾದರೆ ‘ವಿಶ್ವವಿದ್ಯಾನಿಲಯ’ ಎಂದೂ ‘ವಿಶ್ವವಿದ್ಯಾಲಯ’ ಎಂದೂ ಎರಡು ಬಗೆಯಾಗಿ ಹುಡುಕಿ. ಮೈಸೂರಿನವರು ಆ ‘ನಿ’ಯನ್ನು ಬಿಟ್ಟುಕೊಡುವವರಲ್ಲ, ಪತ್ರಿಕೆಯವರು ಅದನ್ನು ಉಳಿಸಿಕೊಳ್ಳುವವರಲ್ಲ, ಇದರ ನಡುವೆ ಅರ್ಧ ಫಲಿತಾಂಶಗಳು ಕಳೆದುಹೋಗುತ್ತವೆ.

ಉತ್ತರ 2: ದತ್ತಿ ಲೆಕ್ಕಿಗ

ಹಳಬರು ಹೇಳಿದ್ದೆಲ್ಲ ಸರಿ. ದಿನಾಂಕಗಳು ಏಕೆ ಕೊನೆಯ ಗಳಿಗೆಯವರೆಗೆ ಗೊತ್ತಾಗುವುದಿಲ್ಲವೆಂಬುದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಾರಣ ತಿಳಿದರೆ ಯಾವ ತಿಂಗಳಲ್ಲಿ ಕಣ್ಣಿಡಬೇಕೆಂಬುದೂ ತಿಳಿಯುತ್ತದೆ.

ದತ್ತಿ ಉಪನ್ಯಾಸವೆಂದರೆ, ತಂದೆ ತಾಯಿಯ ಅಥವಾ ಗುರುಗಳ ಹೆಸರಿನಲ್ಲಿ ಯಾರೋ ಒಬ್ಬರು ಒಂದು ಮೊತ್ತವನ್ನು ಇಡುಗಂಟಾಗಿ ಕೊಟ್ಟಿರುತ್ತಾರೆ, ಅದರ ಬಡ್ಡಿಯಿಂದ ಪ್ರತಿ ವರ್ಷ ಒಂದು ಉಪನ್ಯಾಸ ನಡೆಯಬೇಕೆಂದು ದತ್ತಿ ಪತ್ರದಲ್ಲಿ ಬರೆದಿರುತ್ತದೆ. ವಚನ ಸಾಹಿತ್ಯ, ಹರಿದಾಸ ಸಾಹಿತ್ಯ, ಶಾಸನ ಎಂದು ವಿಷಯವನ್ನೂ ಬಹಳ ಸಲ ಅದರಲ್ಲೇ ಗೊತ್ತುಪಡಿಸಿರುತ್ತಾರೆ. ಮೂವತ್ತು ನಲವತ್ತು ವರ್ಷಗಳ ಹಿಂದೆ ಇಟ್ಟ ಮೊತ್ತದ ಬಡ್ಡಿ ಇಂದು ಉಪನ್ಯಾಸಕರ ಬಸ್ ಚಾರ್ಜಿಗೂ ಸಾಲದಿರುವುದರಿಂದ, ಎಲ್ಲ ಊರುಗಳ ಸಂಸ್ಥೆಗಳಲ್ಲೂ ಮೂರು ನಾಲ್ಕು ದತ್ತಿಗಳನ್ನು ಒಟ್ಟುಗೂಡಿಸಿ ಒಂದೇ ಬೆಳಿಗ್ಗೆ ಮುಗಿಸುವ ರೂಢಿ ಬಂದಿದೆ. ಕೇಳುಗರಿಗೆ ಇದು ಅನುಕೂಲವೇ, ಆದರೆ ಮೂರನೆಯ ಉಪನ್ಯಾಸಕರಿಗೆ ಉಳಿಯುವುದು ಊಟಕ್ಕೆ ಮುಂಚಿನ ಹದಿನೈದು ನಿಮಿಷ. ನಿಮಗೆ ಬೇಕಾದವರು ಮೂರನೆಯವರಾಗಿದ್ದರೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಇನ್ನು ವಿಚಾರ ಸಂಕಿರಣಗಳು ಅನುದಾನದ ಹಣದಿಂದ ನಡೆಯುವಂಥವು. ಮಾರ್ಚ್ 31ರೊಳಗೆ ಹಣ ಖರ್ಚಾಗಿ ಲೆಕ್ಕ ಒಪ್ಪಿಸಬೇಕಾದ್ದರಿಂದ ಫೆಬ್ರವರಿ, ಮಾರ್ಚ್ ಬಂದರೆ ಯಾವ ವಿಶ್ವವಿದ್ಯಾನಿಲಯದಲ್ಲಾದರೂ ಕಾರ್ಯಕ್ರಮಗಳ ಸುಗ್ಗಿ. ಒಂದೇ ದಿನ ಎರಡು ಸಭಾಂಗಣಗಳಲ್ಲಿ ಎರಡು ಒಳ್ಳೆಯ ಮಾತುಗಳು ಏರ್ಪಟ್ಟು ನಾವು ಒದ್ದಾಡುವುದೂ ಆಗಲೇ. ಪರೀಕ್ಷೆ, ರಜೆಗಳ ತಿಂಗಳುಗಳಲ್ಲಿ ಏನೂ ಇರುವುದಿಲ್ಲ. ದಿನಾಂಕ ಬದಲಾಗದವು ಕೆಲವುಂಟು: ಫೆಬ್ರವರಿ 28ರ ವಿಜ್ಞಾನ ದಿನ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಜುಲೈ 27ರ ವಿಶ್ವವಿದ್ಯಾನಿಲಯ ಸಂಸ್ಥಾಪನಾ ದಿನ, ಡಿಸೆಂಬರ್ 29ರ ಕುವೆಂಪು ಜನ್ಮದಿನ. ಈ ದಿನಗಳ ಹಿಂದುಮುಂದಿನ ವಾರ ಫಲಕಗಳನ್ನು ತಪ್ಪದೆ ನೋಡಿ.

ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆ ಎಂದಿದ್ದರೆ ನಾಡಗೀತೆ, ಸ್ವಾಗತ, ಗಿಡಕ್ಕೆ ನೀರೆರೆದು ಉದ್ಘಾಟನೆ, ಶಾಲು, ಹಣ್ಣಿನ ಬುಟ್ಟಿ, ಪ್ರಾಸ್ತಾವಿಕ ನುಡಿ ಎಲ್ಲ ಮುಗಿದು ಮುಖ್ಯ ಉಪನ್ಯಾಸ ಶುರುವಾಗುವಾಗ ಗಂಟೆ ಹನ್ನೊಂದೂವರೆ ದಾಟಿರುತ್ತದೆ. ಇದನ್ನು ನಂಬಿ ತಡವಾಗಿ ಹೋದ ದಿನವೇ ಎಲ್ಲವೂ ಸಮಯಕ್ಕೆ ಸರಿಯಾಗಿ ಆರಂಭವಾಗುತ್ತದೆಯೆಂಬುದನ್ನೂ ಅನುಭವದಿಂದ ಹೇಳುತ್ತಿದ್ದೇನೆ.

ಉತ್ತರ 3: ಓಲೆಗರಿ

ಮೇಷ್ಟ್ರಿಗೆ ನಮಸ್ಕಾರ. ಒಂದು ಸಣ್ಣ ತಿದ್ದುಪಡಿ: ಅರ್ಥಶಾಸ್ತ್ರದ ಓಲೆಗರಿ ಮಾನಸಗಂಗೋತ್ರಿಯ ಒಳಗಿಲ್ಲ. ಅದಿರುವುದು ಕೃಷ್ಣರಾಜ ಬುಲೆವಾರ್ಡ್ ರಸ್ತೆಯ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ. ಅದು ವಿಶ್ವವಿದ್ಯಾನಿಲಯಕ್ಕೇ ಸೇರಿದ್ದಾದರೂ ವಿಶ್ವವಿದ್ಯಾನಿಲಯಕ್ಕಿಂತ ಹಳೆಯದು. 1891ರಲ್ಲಿ ಓರಿಯೆಂಟಲ್ ಲೈಬ್ರರಿಯಾಗಿ ಆರಂಭವಾದದ್ದು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅದಕ್ಕೆ ಮುಂಚೆ ವಿದ್ವಾಂಸರಿಗೆ ಆ ಗ್ರಂಥ ಬಹುಪಾಲು ಇತರರ ಉಲ್ಲೇಖಗಳಿಂದಷ್ಟೇ ತಿಳಿದಿತ್ತು. ಆ ಪ್ರತಿ ‘ಗ್ರಂಥ’ವೆಂಬ ಹಳೆಯ ಲಿಪಿಯಲ್ಲಿರುವುದರಿಂದ ಮೊಮ್ಮಗಳು ಅಕ್ಷರ ಗುರುತಿಸಲಾರಳು. ಮೊದಲೇ ಹೇಳಿಟ್ಟರೆ ನಿರಾಶೆಯಾಗುವುದಿಲ್ಲ.

ಅದು ನಿತ್ಯ ತೆರೆದಿರುವ ಪ್ರದರ್ಶನಾಲಯವಲ್ಲ, ಸಂಶೋಧಕರು ಕೆಲಸ ಮಾಡುವ ಜಾಗ. ಆದ್ದರಿಂದ ಕಚೇರಿಯ ವೇಳೆಯಲ್ಲಿ ಮುಂಚಿತವಾಗಿ ವಿಚಾರಿಸಿ, ಅನುಮತಿ ಪಡೆದು ಹೋಗುವುದು ಮರ್ಯಾದೆ. ನನ್ನ ಅಭಿಪ್ರಾಯದಲ್ಲಿ ಮಕ್ಕಳಿಗೆ ಆ ಒಂದು ಪ್ರಸಿದ್ಧ ಗರಿಗಿಂತ, ಗರಿಗಳನ್ನು ಕಾಪಾಡುವ ಕೆಲಸವೇ ಹೆಚ್ಚು ಹಿಡಿಸುತ್ತದೆ. ಕಂಠವೆಂಬ ಮೊನಚಾದ ಲೇಖನಿಯಿಂದ ಕೊರೆದ ಅಕ್ಷರಕ್ಕೆ ಮೊದಲು ಬಣ್ಣವಿರುವುದಿಲ್ಲ, ಗೀರು ಬಿದ್ದಂತೆ ಕಾಣುತ್ತದೆ, ಅಷ್ಟೆ. ಮೇಲೆ ಮಸಿ ಸವರಿ ಬಟ್ಟೆಯಿಂದ ಒರೆಸಿದಾಗ, ಗರಿಯ ಮೈಮೇಲಿನ ಮಸಿ ಹೋಗಿ ಗೀರಿನೊಳಗಿನದು ಉಳಿದು, ಸಾಲಿಗೆ ಸಾಲೇ ಎದ್ದು ಬರುತ್ತದೆ. ಗರಿ ಒಣಗಿ ಮುರಿಯದಂತೆ, ಹುಳು ಹತ್ತದಂತೆ ಸಿಟ್ರೊನೆಲ್ಲಾ ಎಣ್ಣೆ ಹಚ್ಚುತ್ತಾರೆ. ಆ ನಿಂಬೆ ಹುಲ್ಲಿನಂಥ ವಾಸನೆ ಕೈಯಿಂದ ಸಂಜೆಯವರೆಗೂ ಹೋಗುವುದಿಲ್ಲ. ಹಸ್ತಪ್ರತಿ ಕಾರ್ಯಾಗಾರ, ಪ್ರದರ್ಶನ ಯಾವಾಗ ನಡೆದರೂ ಇದನ್ನು ಮಾಡಿ ತೋರಿಸುವವರು ಇದ್ದಾರೆಯೇ ಎಂದು ಕೇಳಿಕೊಂಡು ಹೋಗಿ.

ಉತ್ತರ 4: ಸೋಮನ ಮುಖ

ಗಂಗೋತ್ರಿಯ ಒಳಗೇ ಮೊಮ್ಮಗಳಿಗೆ ತೋರಿಸಬೇಕಾದದ್ದು ಜಯಲಕ್ಷ್ಮಿ ವಿಲಾಸ ಅರಮನೆಯ ಜಾನಪದ ವಸ್ತುಸಂಗ್ರಹಾಲಯ. ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಈ ಅರಮನೆ, ಕುವೆಂಪು ಅವರು ಕುಲಪತಿಗಳಾಗಿದ್ದ ಕಾಲದಲ್ಲಿ ವಿಶ್ವವಿದ್ಯಾನಿಲಯದ ಪಾಲಿಗೆ ಬಂತು. 1968ರ ಹೊತ್ತಿಗೆ ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿಹಳ್ಳಿ ಅಲೆದು ಹೊತ್ತು ತಂದ ವಸ್ತುಗಳಿಂದ ಸಂಗ್ರಹ ರೂಪುಗೊಂಡಿತು. ಇಂದು ಅದರಲ್ಲಿ 6,000ಕ್ಕೂ ಹೆಚ್ಚು ವಸ್ತುಗಳಿವೆ. ತೊಗಲುಗೊಂಬೆಗಳು, ಯಕ್ಷಗಾನದ ಕಿರೀಟಗಳು, ಉಳುವ, ಬಿತ್ತುವ, ಅಳೆಯುವ ಸಾಮಾನುಗಳು ಎಲ್ಲವೂ ಉಂಟು. ನನ್ನನ್ನು ಚಿಕ್ಕಂದಿನಲ್ಲಿ ಹೆದರಿಸಿದ್ದು ಸೋಮನ ಕುಣಿತದ ಮುಖವಾಡ. ನನ್ನೆದೆಯೆತ್ತರದ ಆ ಕೆಂಪು ಮುಖದ ಹೊರಳುಗಣ್ಣು ನಾನು ಯಾವ ಕಡೆ ಸರಿದರೂ ನನ್ನನ್ನೇ ನೋಡುತ್ತಿತ್ತು. ಈ ವೇದಿಕೆಯಲ್ಲಿ ಇಟ್ಟುಕೊಂಡಿರುವ ಹೆಸರು ಅಂದಿನದೇ.

ಕಟ್ಟಡ ನೂರು ವರ್ಷ ದಾಟಿದ್ದು. ಸಂರಕ್ಷಣೆಯ ಕೆಲಸ ನಡೆಯುವಾಗ ಪ್ರವೇಶ ಇರುವುದಿಲ್ಲವಾದ್ದರಿಂದ, ತೆರೆದಿದೆಯೇ ಎಂದು ವಿಚಾರಿಸದೆ ಮಗುವನ್ನು ಕರೆದುಕೊಂಡು ಹೊರಡಬೇಡಿ.

ಸಾಂಸ್ಕೃತಿಕ ಕಾರ್ಯಕ್ರಮಗಳಲ್ಲಿ ದಸರೆಗೆ ಮುಂಚಿನ ದಿನಗಳ ಯುವ ಸಂಭ್ರಮ ಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುತ್ತದೆ. ಅದನ್ನು ನಡೆಸುವುದು ದಸರಾ ಸಮಿತಿ, ಕುಣಿಯುವುದು ನಾಡಿನ ಕಾಲೇಜುಗಳ ಮಕ್ಕಳು. ಕಲ್ಲಿನ ಮೆಟ್ಟಿಲ ಮೇಲೆ ಜಾಗ ಬೇಕಾದರೆ ಐದು ಗಂಟೆಗೇ ಹೋಗಬೇಕು. ಸದ್ದು ನಿಮ್ಮ ವಯಸ್ಸಿನವರಿಗೆ ಹಿಡಿಸುತ್ತದೆಯೆಂದು ಮಾತ್ರ ಹೇಳಲಾರೆ. ನಿಮಗೆ ಸಂಗೀತ ಇಷ್ಟವಿದ್ದರೆ ಲಲಿತಕಲಾ ಕಾಲೇಜಿನ ವಿದ್ಯಾರ್ಥಿಗಳ ಕಛೇರಿಗಳೇ ಲೇಸು, ಜನ ಕಡಿಮೆ, ಮುಂದಿನ ಸಾಲು ಖಾಲಿ. ರಂಗಾಯಣದ ಬಹುರೂಪಿ ನಾಟಕೋತ್ಸವವನ್ನು ಕೆಲವರು ವಿಶ್ವವಿದ್ಯಾನಿಲಯದ್ದೆಂದು ತಿಳಿದಿರುತ್ತಾರೆ; ಅದು ಬೇರೆ ಸಂಸ್ಥೆ, ಕಲಾಮಂದಿರದ ಆವರಣದಲ್ಲಿ ನಡೆಯುವಂಥದ್ದು. ನಿಮ್ಮ ಮನೆಯಿಂದ ದೂರವೇನಿಲ್ಲ.

ಪ್ರಶ್ನೆ ಕೇಳಿದವರಿಂದ: ಸರಸ್ವತಿಪುರಂ ಮೇಷ್ಟ್ರು

ನಾಲ್ವರಿಗೂ ಕೃತಜ್ಞತೆಗಳು. ಓಲೆಗರಿಯವರ ತಿದ್ದುಪಡಿಯನ್ನು ಒಪ್ಪಿದ್ದೇನೆ. ಇಷ್ಟು ವರ್ಷ ಮಕ್ಕಳಿಗೆ ‘ಮೈಸೂರಿನಲ್ಲಿ ದೊರೆಯಿತು’ ಎಂದಷ್ಟೇ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದವನು, ಎಲ್ಲಿ ಎಂದು ಒಬ್ಬ ಹುಡುಗನೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಇಂದು ಬೆಳಿಗ್ಗೆ ಕೆರೆಯಿಂದ ನೇರವಾಗಿ ಕನ್ನಡ ಅಧ್ಯಯನ ಸಂಸ್ಥೆಯ ಫಲಕದವರೆಗೆ ಹೋಗಿ ಬಂದೆ. ಶಾಸನಗಳ ಕುರಿತ ಉಪನ್ಯಾಸವೊಂದರ ಸೂಚನೆ ಇತ್ತು, ದಿನಾಂಕ ಇನ್ನೂ ಕಳೆದಿರಲಿಲ್ಲ. ಗುರುತಿನ ಚೀಟಿಯ ಮಾತು ಕೇಳಿದ್ದಕ್ಕೆ ಅಲ್ಲಿದ್ದ ಹುಡುಗಿ ನಕ್ಕು, ‘ಬನ್ನಿ ಸರ್, ಮುಂದೇನೇ ಕೂತ್ಕೊಳಿ’ ಎಂದಳು.

ಅರಮನೆ ತೆರೆದಿದೆಯೇ ಎಂದು ನಾಳೆ ವಿಚಾರಿಸುತ್ತೇನೆ. ಸೋಮನ ಮುಖದ ವಿಷಯವನ್ನೂ ಊಟದ ಕೂಪನ್ನಿನ ವಿಷಯವನ್ನೂ ಮೊಮ್ಮಗಳಿಗೆ ಓದಿ ಹೇಳಿದೆ. ಮೊದಲನೆಯದಕ್ಕೆ ತಾನು ಹೆದರುವುದಿಲ್ಲವಂತೆ. ಎರಡನೆಯದಕ್ಕೆ ಚಿತ್ರಾನ್ನದ ಡಬ್ಬಿಯನ್ನು ಮನೆಯಿಂದಲೇ ತರುತ್ತಾಳಂತೆ.