ಡ್ಯಾನ್ಸ್ ಟೀಚರ್ ಎಲ್ಲಿ ಕಲಿತವರು ಅಂತ ನೋಡಬೇಕಾ? ಮುಂಬೈಯವರು ಅನುಭವ ಹೇಳಿ

ಡೊಂಬಿವಲಿ ಅಮ್ಮ:
ಮಗಳಿಗೆ ಎಂಟು ವರ್ಷ, ಭರತನಾಟ್ಯಕ್ಕೆ ಹಾಕಬೇಕು. ಹತ್ತಿರದಲ್ಲಿ ಇಬ್ಬರು ಟೀಚರ್ ಇದ್ದಾರೆ. ಒಬ್ಬರು ಚೆನ್ನೈನ ನೃತ್ಯಶಾಲೆ ಕಲಾಕ್ಷೇತ್ರದ ಡಿಪ್ಲೊಮಾ, ಚಿಕ್ಕ ವಯಸ್ಸು, ತಾವೂ ಕಾರ್ಯಕ್ರಮ ಕೊಡುತ್ತಾ ಓಡಾಡುತ್ತಾರೆ. ಇನ್ನೊಬ್ಬರು ಗಾಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದ ಪರೀಕ್ಷೆ ಪಾಸಾದವರು, ಹಗಲು ಆಫೀಸು, ಸಂಜೆ ಕ್ಲಾಸು. ಫೀಸು ಹೆಚ್ಚು ಕಡಿಮೆ ಒಂದೇ. ಯಾರ ಹತ್ತಿರ ಕಳಿಸಲಿ?

ಮುಲುಂಡ್ ಅಕ್ಕ:
ಕಾರ್ಯಕ್ರಮ ಅಂತ ಓಡಾಡುವವರ ಹತ್ತಿರ ಬೇಡ. ನಮ್ಮ ಟೀಚರ್ ಕೂಡ ಚೆನ್ನೈಯಲ್ಲಿ ಡಿಪ್ಲೊಮಾ ಮಾಡಿದವರು. ಅವರು ಕುಣಿದರೆ ಕಣ್ಣು ತೆಗೆಯಲು ಆಗುತ್ತಿರಲಿಲ್ಲ, ಅದನ್ನು ಇವತ್ತೂ ಒಪ್ಪುತ್ತೇನೆ. ಆದರೆ ಡಿಸೆಂಬರ್ ಬಂತೆಂದರೆ ಚೆನ್ನೈಗೆ ಹೊರಡುತ್ತಿದ್ದರು. ಆ ತಿಂಗಳು ದೊಡ್ಡ ಹುಡುಗಿಯರೇ ಚಿಕ್ಕವರಿಗೆ ಹೇಳಿಕೊಡಬೇಕು, ಫೀಸು ಮಾತ್ರ ಪೂರ್ತಿ. ಮದುವೆಯಾಗಿ ವಿದೇಶಕ್ಕೆ ಹೋಗುವ ವಿಷಯ ನಮಗೆ ಗೊತ್ತಾಗಿದ್ದು ವಾಟ್ಸಾಪ್ ಮೆಸೇಜಿನಲ್ಲಿ. ಮಗಳು ಆಗಷ್ಟೇ ಜತಿಸ್ವರ ಅನ್ನುವ ನೃತ್ಯ ಮುಗಿಸಿದ್ದಳು.

ಹೊಸ ಟೀಚರ್ ನೋಡಿ, "ಮಂಡಿ ಸರಿಯಾಗಿ ಕೂತಿಲ್ಲ, ನಮ್ಮ ಬಾನಿ (ಶೈಲಿ) ಬೇರೆ" ಎಂದು ಮೊಟ್ಟಮೊದಲ ಪಾಠವಾದ ತಟ್ಟಡವಿನಿಂದ ಶುರು ಮಾಡಿಸಿದರು. ಅಡ್ಮಿಷನ್ 5,000 ಮತ್ತೆ ಕೊಟ್ಟೆವು. ತಿಂಗಳಿಗೆ 2,200. ಹಳೆ ಕ್ಲಾಸಿನ ಪ್ರಾಕ್ಟೀಸ್ ಸೀರೆ ಹಸಿರು, ಇಲ್ಲಿ ಮೆರೂನ್, ಅದಕ್ಕೆ 1,800. ಹಳೆ ಕ್ಲಾಸಿನ ವಾರ್ಷಿಕೋತ್ಸವಕ್ಕೆ ಹೊಲಿಸಿದ ಡ್ರೆಸ್ 4,500, ಒಂದೇ ಸಲ ಹಾಕಿದ್ದು. ದುಡ್ಡು ಹೋಗಲಿ. ತನಗಿಂತ ಚಿಕ್ಕ ಮಕ್ಕಳ ಸಾಲಿನಲ್ಲಿ ನಿಂತು ತೈಯಾ ತೈ ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಠಾಣೆ ಟೀಚರ್:
ಮುಲುಂಡ್ ಅಕ್ಕ, ಟೀಚರ್ ಮದುವೆಯಾಗಿದ್ದು ತಪ್ಪಾ? ನಾನೂ ಮದುವೆಯಾಗಿ ಊರು ಬಿಟ್ಟವಳೇ. ಉಡುಪಿಯಲ್ಲಿ ಕಲಿತೆ. ಕರ್ನಾಟಕದ ನೃತ್ಯ ಪರೀಕ್ಷೆಗಳು, ಜೂನಿಯರ್, ಸೀನಿಯರ್, ವಿದ್ವತ್ ಎಲ್ಲ ಮುಗಿಸಿ ಬಂದೆ. ಠಾಣೆಯ ತಾಯಂದಿರು ಕೇಳಿದ್ದು ಒಂದೇ, "ಗಾಂಧರ್ವದ ಪರೀಕ್ಷೆ ಕೊಡಿಸುತ್ತೀರಾ?" ಶಾಸ್ತ್ರೀಯ ನೃತ್ಯದ ಪರೀಕ್ಷೆ ಪಾಸಾದರೆ ಇಲ್ಲಿ ಹತ್ತನೇ ತರಗತಿಯ ಎಸ್ಸೆಸ್ಸಿಯಲ್ಲಿ ಹೆಚ್ಚುವರಿ ಅಂಕ ಸಿಗುತ್ತದಲ್ಲ, ಅದಕ್ಕೆ. ವಿದ್ವತ್ ಆದವಳು ಮತ್ತೆ ಕೂತು ವಿಶಾರದ ಬರೆದೆ. ಥಿಯರಿ ಪೇಪರಿಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಓದಿದೆ.

ಕೆಲಸ ಮಾಡಿಕೊಂಡು ಕಲಿಸುವುದು ಕಮ್ಮಿ ಅನ್ನುವವರು ಈ ಲೆಕ್ಕ ನೋಡಿ. ಸೊಸೈಟಿಯ ಹಾಲ್ ಬಾಡಿಗೆ 6,000. 18 ಮಕ್ಕಳು, ತಲೆಗೆ 1,500, ಅಂದರೆ 27,000. ಮೇ ತಿಂಗಳಲ್ಲಿ ಎಲ್ಲರೂ ಊರಿಗೆ, ಫೀಸಿಲ್ಲ, ಬಾಡಿಗೆ ಬಿಡುವುದಿಲ್ಲ. ಪರೀಕ್ಷೆ ಶುರುವಾದರೆ ಅರ್ಧ ಮಕ್ಕಳು ಬಿಡುತ್ತಾರೆ. ಬ್ಯಾಂಕಿನ ಕೆಲಸ ಇರುವುದರಿಂದಲೇ ಗಣಪತಿ ಹಬ್ಬಕ್ಕೆ ಸಿನಿಮಾ ಹಾಡು ಕಲಿಸಿ ಅಂದವರಿಗೆ ಆಗಲ್ಲ ಅನ್ನುವ ಧೈರ್ಯ ನನಗಿದೆ.

ಕಲ್ಯಾಣ್ ಅಪ್ಪ:
ಟೀಚರ್ ಕಷ್ಟ ಎಲ್ಲರೂ ಹೇಳುತ್ತಾರೆ, ಅಪ್ಪಂದಿರ ಕಷ್ಟ ಯಾರೂ ಬರೆಯಲ್ಲ. ಮಗಳ ರಂಗಪ್ರವೇಶದ, ಅಂದರೆ ಮೊದಲ ಪೂರ್ತಿ ಕಾರ್ಯಕ್ರಮದ, ಖರ್ಚು ಹಾಕುತ್ತೇನೆ. ಹಾಡು, ಮೃದಂಗ, ಪಿಟೀಲು, ಕೊಳಲು, ರಿಹರ್ಸಲ್ ಸೇರಿ 1,20,000. ಡ್ರೆಸ್ ಮೂರು, 48,000. ಹಾಲ್, ಲೈಟು, ಮೈಕು 85,000. ಮೇಕಪ್, ಬಾಡಿಗೆ ಒಡವೆ 18,000. ಫೋಟೋ ವಿಡಿಯೋ 40,000. ಕಾರ್ಡು 12,000. ಊಟ 250 ಜನಕ್ಕೆ 80,000. ಗುರುದಕ್ಷಿಣೆ 51,000, ಜೊತೆಗೆ ರೇಷ್ಮೆ ಸೀರೆ 14,000. ಒಟ್ಟು 4,68,000. ಮೃದಂಗದವರು ಇಂಥವರೇ, ಡ್ರೆಸ್ಸು ಇಂಥಲ್ಲೇ ಎಂದು ಟೀಚರೇ ನಿರ್ಧರಿಸಿದರು. ಆಮೇಲೆ ಮಗಳು ಇಂಜಿನಿಯರಿಂಗ್ ಸೇರಿದಳು, ಗೆಜ್ಜೆ ಕಪಾಟಿನಲ್ಲಿದೆ.

ಡೊಂಬಿವಲಿಯವರೇ, ಡಿಪ್ಲೊಮಾ ವಿಶಾರದ ಎಲ್ಲ ಬಿಡಿ. ರಂಗಪ್ರವೇಶಕ್ಕೆ ಎಷ್ಟು ಅಂತ ಮೊದಲ ದಿನವೇ ಕೇಳಿ.

ಠಾಣೆ ಟೀಚರ್:
ಸರ್, ನಿಮ್ಮ ಪಟ್ಟಿಯಲ್ಲಿ ಊಟಕ್ಕೆ 80,000, ಗುರುವಿಗೆ 51,000. ವರ್ಷಗಟ್ಟಲೆ ಕಲಿಸಿದವರ ದಕ್ಷಿಣೆಯನ್ನು ಹೀಗೆ ಎತ್ತಿ ತೋರಿಸುವುದು ಸರಿಯಲ್ಲ. 250 ಜನರನ್ನು ಕರೆಯಿರಿ ಅಂತ ಗುರು ಹೇಳಿದ್ದರಾ?

ಕಲ್ಯಾಣ್ ಅಪ್ಪ:
ಮೇಡಂ, ಸೀರೆಯ ಬಣ್ಣ ಕೂಡ ಅವರೇ ಹೇಳಿದ್ದು. ಕೊಡುವವರಿಗೆ ಗೊತ್ತು.

ಮಾಟುಂಗದ ಹಿರಿಯರು:
ಜಗಳ ನಿಲ್ಲಿಸಿ. ಸರ್ಟಿಫಿಕೇಟಿನ ಮಾತೇ ಇಲ್ಲದ ಕಾಲದಲ್ಲಿ ನಮ್ಮ ತಂಗಿ ಕಲಿತಳು. ಮಾಟುಂಗದಲ್ಲಿ 1945ರಲ್ಲಿ ಶುರುವಾದ ಶ್ರೀ ರಾಜರಾಜೇಶ್ವರಿ ಭರತನಾಟ್ಯ ಕಲಾ ಮಂದಿರ ನಡೆಸಿದ್ದು ತಮಿಳುನಾಡಿನ ತಿರುವಿಡೈಮರುದೂರಿನ ಕುಪ್ಪಯ್ಯ ಪಿಳ್ಳೈ ಮನೆತನದವರು. ತಲೆತಲಾಂತರದ ನಟ್ಟುವನಾರರು, ಅಂದರೆ ನೃತ್ಯ ಕಲಿಸುವ ಗುರುಗಳು. ತಟ್ಟುಗೋಲು ಹಿಡಿದು ಕೂತರೆ ಜತಿ, ತಾಳ, ಹಾಡು ಎಲ್ಲ ಅವರ ಬಾಯಲ್ಲೇ. ಈಗಿನ ಟೀಚರ್‌ಗಳು ಪೆನ್‌ಡ್ರೈವ್ ಹಾಕುತ್ತಾರೆ. ರೆಕಾರ್ಡ್ ಹಾಡಿಗೆ ಕಲಿತ ಮಗು ಮೇಳದ ಮುಂದೆ ನಿಂತಾಗ ಗಾಯಕರು ಸ್ವಲ್ಪ ನಿಧಾನಿಸಿದರೂ ತಡವರಿಸುತ್ತದೆ. ಟೀಚರ್‌ಗೆ ನಟುವಾಂಗ, ಅಂದರೆ ತಾಳ ಹಾಕಿ ಜತಿ ಹೇಳಿ ಕುಣಿಸುವುದು, ಬರುತ್ತಾ, ಅದನ್ನು ನೋಡಿ.

ಅಂಧೇರಿ ಹುಡುಗಿ:
ಅಂಕಲ್, ಮನೆತನದಲ್ಲಿ ಹುಟ್ಟದವರು ಏನು ಮಾಡಬೇಕು? ನೃತ್ಯಗಾತಿ ಕನಕ್ ರೆಲೆ ಕಾನೂನು ಓದಿದವರು, ಮ್ಯಾಂಚೆಸ್ಟರ್‌ನಲ್ಲಿ ಅಂತರರಾಷ್ಟ್ರೀಯ ಕಾನೂನಿನ ಡಿಪ್ಲೊಮಾ ಮಾಡಿದವರು. ಆಮೇಲೆ ಜುಹುವಿನ ನಾಲಂದಾ ನೃತ್ಯ ಕಾಲೇಜು ಕಟ್ಟಿದರು, ಮೋಹಿನಿಯಾಟ್ಟಂನಲ್ಲಿ ಅಷ್ಟು ಕೆಲಸ ಮಾಡಿದರು. ಇವತ್ತು ಮುಂಬೈ ವಿಶ್ವವಿದ್ಯಾಲಯದ ಡಿಗ್ರಿಯನ್ನೇ ನೃತ್ಯದಲ್ಲಿ ಪಡೆಯಬಹುದು. ನಾನು ಬಿಕಾಂ ಬಿಟ್ಟು ನೃತ್ಯದ ಡಿಗ್ರಿಗೆ ಸೇರಿದಾಗ ಮನೆಯಲ್ಲಿ ಆರು ತಿಂಗಳು ಅಪ್ಪ ಮಾತಾಡಲಿಲ್ಲ. ಈಗ ಎರಡು ಶಾಲೆಗಳಲ್ಲಿ ಕಲಿಸುತ್ತೇನೆ. ನಟುವಾಂಗ ನಮಗೂ ಕಲಿಸುತ್ತಾರೆ. ಪೆನ್‌ಡ್ರೈವ್ ಹಾಕುವುದು ಮೃದಂಗದವರನ್ನು ದಿನಾ ಕರೆಸಲು ಯಾರೂ ದುಡ್ಡು ಕೊಡುವುದಿಲ್ಲ ಅಂತ.

ಮಾಟುಂಗದ ಹಿರಿಯರು:
ದಿನಾ ಮೃದಂಗ ಬೇಡಮ್ಮ. ಬಾಯಲ್ಲಿ ಹಾಡಿದರೆ ಸಾಕು. ಡಿಗ್ರಿ ಇದ್ದೂ ಹಾಡಲು ಬಾರದವರನ್ನು ನೋಡಿಯೇ ಹೇಳುತ್ತಿದ್ದೇನೆ. ಒಳ್ಳೆಯ ಕಡೆ ಕಲಿಸಬೇಕೆಂದರೆ ಡೊಂಬಿವಲಿಯಿಂದ ಮಾಟುಂಗಕ್ಕೆ ಕರೆತರಲಿ.

ಮುಲುಂಡ್ ಅಕ್ಕ:
ಎಂಟು ವರ್ಷದ ಮಗುವನ್ನಾ ಮಾರಾಯ್ರೆ? ಮಾಟುಂಗದಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದೇ ಇಲ್ಲ. ಸಂಜೆ ವಾಪಸ್ ಡೊಂಬಿವಲಿ ಕಡೆ ಹತ್ತಿ ನೋಡಿದ್ದೀರಾ?

ಮಾಟುಂಗದ ಹಿರಿಯರು:
ಬೇಕಾದವರು ಪುಣೆಯಿಂದಲೂ ಬರುತ್ತಿದ್ದರು.

ಡೊಂಬಿವಲಿ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಮಾಟುಂಗ ನನ್ನಿಂದ ಆಗಲ್ಲ, ಕೆಲಸ ಇದೆ. ಶನಿವಾರ ಇಬ್ಬರ ಕ್ಲಾಸಿಗೂ ಹೋಗಿ ಕೂರುತ್ತೇನೆ. ಬಾಯಲ್ಲಿ ಹಾಡಿ ಕಲಿಸುತ್ತಾರಾ, ಊರಿಗೆ ಹೋದಾಗ ಕ್ಲಾಸು ಯಾರು ನೋಡುತ್ತಾರೆ, ರಂಗಪ್ರವೇಶಕ್ಕೆ ಎಷ್ಟು, ಮೂರೂ ಕೇಳುತ್ತೇನೆ.

ಕಲ್ಯಾಣ್ ಅಪ್ಪ:
ಮೂರನೆಯದನ್ನು ಮೊದಲು ಕೇಳಿ.

ಠಾಣೆ ಟೀಚರ್:
ಬಾಗಿಲಲ್ಲೇ ದುಡ್ಡಿನ ಮಾತು ತೆಗೆದರೆ ನಾನಾದರೆ ಸೇರಿಸಿಕೊಳ್ಳುವುದಿಲ್ಲ ಸರ್. ಮಗು ಅರೆಮಂಡಿಯಲ್ಲಿ, ಅಂದರೆ ಮಂಡಿ ಅರ್ಧ ಬಗ್ಗಿಸಿ, ಕೂರಲು ಕಲಿಯಲಿ ಮೊದಲು.