ಮೀಟರು 11.2 ತೋರಿಸುತ್ತಿದೆ: ಹಾರ್ಸ್‌ಪವರ್ ಬೇಕಾದರೆ ಪೆಟ್ರೋಲ್ ಹೆಚ್ಚಿಸಬೇಕೋ, ಇಳಿಸಬೇಕೋ?

ಪ್ರಶ್ನೆ: ಕೌಲ್‌ಬಜಾರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಕಳೆದ ದೀಪಾವಳಿಯ ಹೊತ್ತಿಗೆ ಎರಡು ಸೀಟಿನ, 2 ಲೀಟರ್ ಎಂಜಿನ್ನಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಬೆಂಗಳೂರಿನಿಂದ ಕೊಂಡು ತಂದಿದ್ದೇನೆ. ಅದಕ್ಕೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. ಹಿಂದಿನ ಮಾಲೀಕರು ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನ ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಕೊಡಬೇಕೆಂಬ ಪಟ್ಟಿ) ಬದಲಾಯಿಸಿ, ಬಾನೆಟ್ಟಿನೊಳಗೆ ಗಾಳಿ ಸೋಸುವ ತೆರೆದ ಕೋನ್ ಫಿಲ್ಟರ್ ಹಾಕಿಸಿ, ಗಾಳಿ ಮತ್ತು ಪೆಟ್ರೋಲಿನ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರನ್ನೂ ಕೂರಿಸಿದ್ದರು (ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂಬುದೇ ಆ ಅಂಕಿ; ಅದು ಇಳಿದಷ್ಟೂ ಪೆಟ್ರೋಲ್ ಹೆಚ್ಚು). ಸಾಧಾರಣ ಓಡಾಟದಲ್ಲಿ ಆ ಮೀಟರು 14.7ರ ಆಸುಪಾಸಿನಲ್ಲೇ ಇರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ 5,000 ಆರ್‌ಪಿಎಂ ದಾಟಿಸಿದರೆ 11.2ಕ್ಕೆ ಇಳಿಯುತ್ತದೆ. ಆಗ ಎಂಜಿನ್ ಕಾಲು ಎಳೆಯುತ್ತದೆ, ಸೈಲೆನ್ಸರ್ ಬಾಯಿಗೆ ಕಪ್ಪು ಮಸಿ ಕೂರುತ್ತದೆ, ಪೆಟ್ರೋಲ್ ವಾಸನೆಯೂ ಬರುತ್ತದೆ.

ಇಲ್ಲಿ ಟ್ಯೂನಿಂಗ್ ಮಾಡುವ ಪರಿಚಯಸ್ಥರೊಬ್ಬರನ್ನು ಕೇಳಿದೆ. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆಸಿದ ಇ20 ಪೆಟ್ರೋಲ್, ಅದಕ್ಕೆ 11.7 ಸರಿಯಾದ ಅನುಪಾತ, ಹಾಗಾಗಿ 11.2 ಎಂದರೆ ಸ್ವಲ್ಪವೇ ರಿಚ್ (ಪೆಟ್ರೋಲ್ ಹೆಚ್ಚು). ಇನ್ನಷ್ಟು ಪೆಟ್ರೋಲ್ ಕೊಟ್ಟರೆ ಪವರ್ ಹೆಚ್ಚುತ್ತದೆ ಎಂದು ಅವರು ಹೇಳಿದರು. ಒಂದು ಸುತ್ತು ಹೆಚ್ಚಿಸಿಯೂ ನೋಡಿದೆವು, ಕಾರು ಇನ್ನೂ ಮಂದವಾಯಿತು. ಆದ್ದರಿಂದ ಮೊದಲಿನ ಮ್ಯಾಪನ್ನೇ ಮರಳಿ ಹಾಕಿಸಿದ್ದೇನೆ. ತಪ್ಪು ಎಲ್ಲಿದೆ ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ರಾಯಚೂರು

ಮಾನ್ಯರೇ, ತಮ್ಮ ಪರಿಚಯಸ್ಥರು ಹೇಳಿದ 11.7 ಎಂಬ ಅಂಕಿ ಸುಳ್ಳಲ್ಲ, ಆದರೆ ಅದನ್ನು ಆ ಮೀಟರಿನ ಮೇಲೆ ಹುಡುಕಿದ್ದೇ ಎಡವಟ್ಟು. ವೈಡ್‌ಬ್ಯಾಂಡ್ ಸೆನ್ಸರಿಗೆ ಟ್ಯಾಂಕಿನಲ್ಲಿ ಯಾವ ಇಂಧನವಿದೆಯೆಂದು ಗೊತ್ತಾಗುವುದಿಲ್ಲ. ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೋ ಅಥವಾ ಉರಿಯದ ಇಂಧನ ಉಳಿದಿದೆಯೋ ಎಂಬುದನ್ನು ನೋಡಿ ಅದು ಲ್ಯಾಂಬ್ಡಾ ಎಂಬ ಒಂದು ಅಂಕಿಯನ್ನು ಅಳೆಯುತ್ತದೆ. ಗಾಳಿಯೂ ಇಂಧನವೂ ಒಂದಕ್ಕೊಂದು ಸರಿಹೋಗಿ ಪೂರ್ತಿ ಉರಿಯುವ ಲೆಕ್ಕಕ್ಕೆ ಲ್ಯಾಂಬ್ಡಾ 1. ಇಂಧನ ಹೆಚ್ಚಾದರೆ 1ಕ್ಕಿಂತ ಕಡಿಮೆ, ಗಾಳಿ ಹೆಚ್ಚಾದರೆ 1ಕ್ಕಿಂತ ಹೆಚ್ಚು. ಮೀಟರು ಆ ಅಂಕಿಯನ್ನು 14.7ರಿಂದ ಗುಣಿಸಿ ತೋರಿಸುತ್ತದೆ, ಅಷ್ಟೇ. 14.7 ಎಂಬುದು ಎಥನಾಲ್ ಬೆರೆಸದ ಪೆಟ್ರೋಲಿನ ಲೆಕ್ಕ. ಶುದ್ಧ ಎಥನಾಲಿಗೆ ಅದು ಸುಮಾರು 9, ಶೇಕಡಾ 20 ಎಥನಾಲ್ ಬೆರೆತ ಇ20ಕ್ಕೆ ಸುಮಾರು 13.5. ಇ20 ತುಂಬಿಸಿದ ತಮ್ಮ ಕಾರು ನಿಧಾನವಾಗಿ ಓಡುವಾಗಲೂ ಮೀಟರು 13.5 ತೋರಿಸದೆ 14.7ನ್ನೇ ತೋರಿಸುತ್ತಿರುವುದು ಇದಕ್ಕೆ ಸಾಕ್ಷಿ.

ಇನ್ನು 11.2ನ್ನು 14.7ರಿಂದ ಭಾಗಿಸಿ ನೋಡಿ, ಲ್ಯಾಂಬ್ಡಾ 0.76 ಬರುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ತನ್ನ ಗರಿಷ್ಠ ಶಕ್ತಿ ಕೊಡುವುದು 0.85ರಿಂದ 0.90ರ ನಡುವೆ. 0.87ನ್ನು ಗುರಿಯಾಗಿಟ್ಟುಕೊಂಡರೆ ಇ20ರ ನಿಜವಾದ ಅನುಪಾತ 11.7 ಆಗುತ್ತದೆ, ನಿಜ. ಆದರೆ ಆಗಲೂ ತಮ್ಮ ಮೀಟರು ತೋರಿಸುವುದು 12.8. ಅಂದರೆ ತಾವು ಸ್ವಲ್ಪ ರಿಚ್ ಅಲ್ಲ, ವಿಪರೀತ ರಿಚ್. ಈಗ ಹೋಗುತ್ತಿರುವ ಪೆಟ್ರೋಲಿನಲ್ಲಿ ಶೇಕಡಾ 12ರಷ್ಟು ಇಳಿಸಬೇಕಾಗುತ್ತದೆ. ಒಂದೇ ಸಲ ಇಳಿಸದೆ 3ರಂತೆ ನಾಲ್ಕು ಹಂತಗಳಲ್ಲಿ ಇಳಿಸಿ, ಪ್ರತಿ ಹಂತದಲ್ಲೂ ನಾಕಿಂಗ್ (ಸಿಲಿಂಡರಿನಲ್ಲಿ ಮಿಶ್ರಣ ತಾನಾಗಿ ಸಿಡಿದು ಎಂಜಿನ್ ಕುಟ್ಟುವುದು) ಇದೆಯೇ ಎಂದು ನೋಡಬೇಕು. ಮೀಟರಿನ ಪಟ್ಟಿಯನ್ನು ಲ್ಯಾಂಬ್ಡಾಕ್ಕೆ ಬದಲಾಯಿಸಿಕೊಂಡರೆ ಈ ಗುಣಾಕಾರ ಭಾಗಾಕಾರದ ಗೋಜೇ ಇರುವುದಿಲ್ಲ.

ಲ್ಯಾಂಬ್ಡಾ 1ರಲ್ಲೇ ಏಕೆ ಹೆಚ್ಚು ಶಕ್ತಿ ಸಿಗುವುದಿಲ್ಲ ಎಂದು ಕೇಳಬಹುದು. ಸಿಲಿಂಡರಿನೊಳಗೆ ಗಾಳಿಯೂ ಪೆಟ್ರೋಲೂ ಕಣಕಣವಾಗಿ ಬೆರೆಯುವಷ್ಟು ಹೊತ್ತು ಸಿಗದ ಕಾರಣ, ಇರುವ ಆಮ್ಲಜನಕವೆಲ್ಲ ಖರ್ಚಾಗಬೇಕಾದರೆ ಪೆಟ್ರೋಲ್ ತುಸು ಹೆಚ್ಚಿರಬೇಕು. ಆ ಹೆಚ್ಚುವರಿ ಪೆಟ್ರೋಲ್ ಆವಿಯಾಗುವಾಗ ಶಾಖವನ್ನೂ ಹೀರಿಕೊಳ್ಳುತ್ತದೆ. ಆ ಮಿತಿ ದಾಟಿದರೆ ಜ್ವಾಲೆ ಮಂದವಾಗುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಸಿಲಿಂಡರ್ ಗೋಡೆಯ ಆಯಿಲ್ ಪದರ ತೊಳೆದುಹೋಗುತ್ತದೆ.

ಉತ್ತರ 2: ಗಂಗಾವತಿ, ಕೊಪ್ಪಳ ಜಿಲ್ಲೆ

ನಾನು ಕಾರ್ಬ್ಯುರೇಟರ್ ಕಾಲದ ಮೇಸ್ತ್ರಿ. ಜೆಟ್ ಬದಲಾಯಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಿ ಮಿಶ್ರಣ ಕೂರಿಸುತ್ತಿದ್ದವನು. ಮೇಲಿನವರ ಲೆಕ್ಕ ಸರಿಯಾಗಿದೆ. ನಮ್ಮ ಭತ್ತದ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಅಕ್ಕಿ ಇದ್ದಷ್ಟೇ ಇಟ್ಟು ನೀರು ಹೆಚ್ಚು ಹೊಯ್ದರೆ ಅನ್ನ ಹೆಚ್ಚಾಗುವುದಿಲ್ಲ, ಗಂಜಿಯಾಗುತ್ತದೆ. ಎಂಜಿನ್ನಿಗೆ ಗಾಳಿಯೇ ಅಕ್ಕಿ.

ಆದರೆ 0.87 ಎಂಬ ಗುರಿಗೆ ನನ್ನ ತಕರಾರಿದೆ. ಬೇಸಿಗೆಯಲ್ಲಿ ರಾಯಚೂರು, ಬಳ್ಳಾರಿಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತೆರೆದ ಕೋನ್ ಫಿಲ್ಟರ್ ಆ ಹೊರಗಿನ ಗಾಳಿಯನ್ನೂ ಎಳೆಯದೆ ರೇಡಿಯೇಟರಿನ ಹಿಂದೆ ಕುದಿಯುತ್ತಿರುವ ಗಾಳಿಯನ್ನು ಎಳೆಯುತ್ತದೆ. ಬಿಸಿ ಗಾಳಿಯಲ್ಲಿ ಮಿಶ್ರಣವನ್ನು ತೆಳುವಾಗಿಸಿದರೆ ನಾಕಿಂಗ್ ಶುರುವಾಗುತ್ತದೆ, ಪಿಸ್ಟನ್ ತಲೆ ಕರಗಿದ ಮೇಲೆ ಯಾವ ಲ್ಯಾಂಬ್ಡಾ ಇದ್ದರೇನು? 0.85ರಿಂದ 0.90ರವರೆಗೆ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಾಗಿದ್ದ ಮೇಲೆ ಸುರಕ್ಷಿತವಾದ 0.85ರಲ್ಲೇ ನಿಲ್ಲಿಸುವುದು ಜಾಣತನ.

ಇನ್ನೊಂದು ಮಾತು, ಇದನ್ನು ಮೊದಲು ಮಾಡಿ. ಗಾಳಿಯ ತಾಪಮಾನ ಎಷ್ಟಿದೆಯೆಂದು ಸ್ಕ್ಯಾನರ್ ಹಾಕಿ ನೋಡಿ. 25 ಡಿಗ್ರಿಯ ಗಾಳಿ 45 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಶೇಕಡಾ 6ರಷ್ಟು ಇಳಿಯುತ್ತದೆ, ಹಾರ್ಸ್‌ಪವರ್ ಕೂಡ ಹೆಚ್ಚುಕಡಿಮೆ ಅದೇ ದಾರಿ ಹಿಡಿಯುತ್ತದೆ. ತೋರಣಗಲ್ಲಿನ ಕಡೆ ಅದಿರು ಲಾರಿಗಳ ಹಿಂದೆ ಓಡಾಡುವ ಕಾರಾದರೆ ಫಿಲ್ಟರಿನ ಮೇಲೆ ಕೆಂಪು ಧೂಳು ಎಷ್ಟಿದೆಯೆಂದೂ ನೋಡಿ. ಎಣ್ಣೆ ಸವರಿದ ಹತ್ತಿಯ ಫಿಲ್ಟರಾಗಿದ್ದರೆ ಆ ಎಣ್ಣೆ ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಅಂಟಿ ಲೆಕ್ಕ ತಪ್ಪಿಸುವುದುಂಟು. ಪ್ಲಗ್ ಬಿಟ್ಟು ಬಿಟ್ಟು ಉರಿಯುತ್ತಿದ್ದರೆ ಉಳಿದ ಆಮ್ಲಜನಕವನ್ನು ಕಂಡು ಮೀಟರು ಲೀನ್ (ಪೆಟ್ರೋಲ್ ಕಡಿಮೆ) ಎಂದು ಸುಳ್ಳು ಹೇಳುತ್ತದೆ. ಆದ್ದರಿಂದ ಮಸಿ ಹಿಡಿದ ಪ್ಲಗ್ಗುಗಳನ್ನು ಬದಲಾಯಿಸದೆ ಮ್ಯಾಪಿಗೆ ಕೈ ಹಾಕಬೇಡಿ.

ಉತ್ತರ 3: ಗಾಂಧಿನಗರ, ಬಳ್ಳಾರಿ

ಇಬ್ಬರ ಮಾತಿಗೂ ಒಂದೆರಡು ಸೇರಿಸುತ್ತೇನೆ. ನಿಧಾನವಾಗಿ ಓಡುವಾಗ ಇಸಿಯು ಆಮ್ಲಜನಕ ಸೆನ್ಸರಿನ ಮಾತು ಕೇಳಿ ಮಿಶ್ರಣವನ್ನು ತಾನೇ ತಿದ್ದಿಕೊಳ್ಳುತ್ತದೆ; ಪೂರ್ತಿ ಒತ್ತಿದಾಗ ಆ ಮಾತನ್ನು ಬದಿಗಿಟ್ಟು ಮ್ಯಾಪಿನಲ್ಲಿ ಬರೆದಷ್ಟೇ ಪೆಟ್ರೋಲ್ ಸುರಿಯುತ್ತದೆ. ತಮ್ಮ ಕಾರು ಅಲ್ಲಿ ಸರಿ, ಇಲ್ಲಿ ತಪ್ಪು ಇರುವುದರಿಂದ ಇಂಜೆಕ್ಟರ್, ಪಂಪುಗಳಿಗಿಂತ ಮೊದಲು ಮ್ಯಾಪನ್ನೇ ಅನುಮಾನಿಸಬೇಕು. ಇದೇ ಕಾರಣದಿಂದ ಹೊಗೆ ತಪಾಸಣೆಯಲ್ಲಿ ಪಾಸಾಗಿದೆ ಎಂದು ಸಮಾಧಾನಪಡುವಂತಿಲ್ಲ. ಆ ತಪಾಸಣೆ ನಡೆಯುವುದು ನಿಂತಲ್ಲೇ, ಎಂಜಿನ್ನಿಗೆ ಭಾರವಿಲ್ಲದಾಗ.

ಹೊಸಪೇಟೆ ರಸ್ತೆಯಲ್ಲಿ ಮೀಟರ್ ನೋಡುತ್ತ ಪೂರ್ತಿ ಒತ್ತುವ ಕೆಲಸ ದಯವಿಟ್ಟು ಬೇಡ. ಕಾರಿನ ಶಕ್ತಿಯನ್ನು ನಿಂತಲ್ಲೇ ಅಳೆಯುವ ಡೈನೊ ಯಂತ್ರ ಇರುವ ಕಡೆ ಅರ್ಧ ದಿನದ ಕೆಲಸ ಇದು, ದುಡ್ಡು ಖರ್ಚಾದರೂ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಬರುವುದು ಲೇಸು. ಮಾರ್ಪಾಡಿನ ವಿಷಯವನ್ನು ವಿಮೆಯವರಿಗೆ ತಿಳಿಸಿ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ವಾಹನದ ಮಾರ್ಪಾಡಿನ ಬಗ್ಗೆಯೇ ಇದೆ, ಒಮ್ಮೆ ಓದಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ: ಕೌಲ್‌ಬಜಾರ್

ಎಲ್ಲರಿಗೂ ಕೃತಜ್ಞತೆಗಳು. ಮೇಸ್ತ್ರಿಯವರು ಹೇಳಿದಂತೆ ಮೊದಲು ತಾಪಮಾನ ನೋಡಿದೆ: ಮಧ್ಯಾಹ್ನದ ಓಡಾಟದಲ್ಲಿ ಎಂಜಿನ್ನಿಗೆ ಹೋಗುತ್ತಿದ್ದ ಗಾಳಿ 61 ಡಿಗ್ರಿ ಇತ್ತು. ಡಿಕ್ಕಿಯಲ್ಲಿ ಬಿದ್ದಿದ್ದ ಕಂಪನಿಯ ಮೂಲ ಫಿಲ್ಟರ್ ಪೆಟ್ಟಿಗೆಯನ್ನು ಮರಳಿ ಕೂರಿಸಿದೆ, ಅದೇ ಹೊತ್ತಿನಲ್ಲಿ ಅದೇ ದಾರಿಯಲ್ಲಿ 46ಕ್ಕೆ ಇಳಿಯಿತು. ಹೊಸ ಪ್ಲಗ್ ಹಾಕಿಸಿ ಡೈನೊ ಇರುವ ಕಡೆ ಒಯ್ದೆ. ಮೊದಲ ಮೂರು ಹಂತ ಪೆಟ್ರೋಲ್ ಇಳಿಸುವವರೆಗೆ ಪ್ರತಿ ಸಲವೂ ಶಕ್ತಿ ಏರಿತು. ನಾಲ್ಕನೆಯದರಲ್ಲಿ ಮೀಟರು 12.8ಕ್ಕೆ ಬಂದಾಗ ಶಕ್ತಿ ಏರಲಿಲ್ಲ. ಬದಲಿಗೆ 4,000 ಆರ್‌ಪಿಎಂ ಬಳಿ ನಾಕಿಂಗಿನ ಸುಳಿವು ಸಿಕ್ಕಿತು. ಆ ಜಾಗದಲ್ಲಿ ಇಗ್ನಿಷನ್ ಟೈಮಿಂಗನ್ನು (ಪ್ಲಗ್ ಕಿಡಿ ಹಾರಿಸುವ ಕ್ಷಣವನ್ನು) 2 ಡಿಗ್ರಿ ಹಿಂದಕ್ಕೆ ಸರಿಸಿ, ಒಟ್ಟು ಮಿಶ್ರಣವನ್ನು ಮೇಸ್ತ್ರಿಯವರ 0.85ಕ್ಕೆ, ಅಂದರೆ ಮೀಟರಿನ 12.5ಕ್ಕೆ ನಿಲ್ಲಿಸಿದೆವು. ರಾಯಚೂರಿನವರು ಬೇಸರಿಸಬಾರದು, ಲೆಕ್ಕ ಅವರದೇ.

ಮಸಿ ನಿಂತಿದೆ, ವಾಸನೆಯೂ ಇಲ್ಲ. ಕೋನ್ ಫಿಲ್ಟರ್ ಮನೆಯ ಅಟ್ಟ ಸೇರಿದೆ. ಯಾರಿಗಾದರೂ ಬೇಕಿದ್ದರೆ ಹೇಳಿ. ಡಿಸೆಂಬರಿನ ತಂಪಿನಲ್ಲಿ ಆ 2 ಡಿಗ್ರಿ ಟೈಮಿಂಗನ್ನು ಮರಳಿ ಮುಂದಕ್ಕೆ ತರಬಹುದೇ ಎಂದು ನೋಡಬೇಕೆಂದಿದ್ದೇನೆ.